ಸೇರಿದ ಕೆಲಸದಲ್ಲಿ ಉಳಿಯಬೇಕು: ಬೆಂಗಳೂರಿನಲ್ಲಿ ವಿಕಲಚೇತನರ ಉದ್ಯೋಗ ಯೋಜನೆ ನಡೆಸುವವರಿಗೊಂದು ಮಾರ್ಗದರ್ಶಿ

ಸಂಸ್ಥೆಯಲ್ಲಿ ನಾಲ್ಕಾರು ವರ್ಷ ಕೆಲಸ ಮಾಡಿದ್ದೀರಿ. ಇನ್ನು ಮುಂದೆ ವಿಕಲಚೇತನರ ಉದ್ಯೋಗ ಯೋಜನೆಯನ್ನು ನೀವೇ ನೋಡಿಕೊಳ್ಳಿ ಎಂದಿದ್ದಾರೆ. ಕೈಗೆ ಬಂದಿರುವುದು ಒಂದು ಎಕ್ಸೆಲ್ ಹಾಳೆ, ಒಂದು ಟಾರ್ಗೆಟ್, ಮಾರ್ಚ್ ಒಳಗೆ ಖರ್ಚಾಗಬೇಕಾದ ಹಣ. ಅಂಥವರಿಗಾಗಿ ಇದನ್ನು ಬರೆದಿದ್ದೇನೆ. ತರಬೇತಿ ಹೇಗೆ ಕೊಡಬೇಕು ಅನ್ನುವುದು ಇಲ್ಲಿ ಕಡಿಮೆ. ಯೋಜನೆಯ ಹೊಣೆ ಹೊತ್ತವರು ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ಹಠ ಹಿಡಿಯಬೇಕು ಅನ್ನುವುದು ಜಾಸ್ತಿ.

ಮೊದಲು ಎಕ್ಸೆಲ್ ಹಾಳೆ ಸರಿಮಾಡಿ

ಆ ಹಾಳೆಯಲ್ಲಿ ಸಾಮಾನ್ಯವಾಗಿ ಮೂರು ಕಾಲಂ ಇರುತ್ತವೆ. ಎಷ್ಟು ಜನ ನೋಂದಾಯಿಸಿದರು, ಎಷ್ಟು ಜನರಿಗೆ ತರಬೇತಿ ಆಯಿತು, ಎಷ್ಟು ಜನರಿಗೆ ಪ್ಲೇಸ್‌ಮೆಂಟ್ ಆಯಿತು. ಆಫರ್ ಲೆಟರ್ ಫೋಟೊ ಸಿಕ್ಕಿತು ಅಂದರೆ ಲೆಕ್ಕ ಮುಗಿಯಿತು. ಎರಡನೇ ತಿಂಗಳು ಆ ಹುಡುಗ ಮನೆಯಲ್ಲೇ ಕೂತಿದ್ದರೂ ಹಾಳೆ ಮಾತ್ರ ಹಸಿರಾಗಿಯೇ ಇರುತ್ತದೆ.

ಹೀಗಾಗಿ ಮೊದಲ ವಾರವೇ ನಾಲ್ಕು ಕಾಲಂ ಸೇರಿಸಿ: ಒಂದು ತಿಂಗಳ ನಂತರ ಕೆಲಸದಲ್ಲಿದ್ದಾರಾ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ಪಕ್ಕದಲ್ಲೇ ಇನ್ನೊಂದು, ಬಿಟ್ಟಿದ್ದರೆ ಯಾಕೆ. "ವೈಯಕ್ತಿಕ ಕಾರಣ" ಎಂದು ಬರೆಯಲು ನಿಮ್ಮ ತಂಡಕ್ಕೆ ಬಿಡಬೇಡಿ. ಬಸ್ಸು, ಸೂಪರ್‌ವೈಸರ್, ಶೌಚಾಲಯ, ಸಂಬಳ ತಡ, ಮನೆಯವರ ಒತ್ತಡ, ಆರೋಗ್ಯ, ಇದಕ್ಕಿಂತ ಒಳ್ಳೆಯ ಕೆಲಸ. ಇಷ್ಟು ವಿವರ ಬೇಕು. ಆರು ತಿಂಗಳು ಹೀಗೆ ಬರೆದಿಟ್ಟರೆ ನಿಮ್ಮ ಯೋಜನೆಯ ರೋಗ ಎಲ್ಲಿದೆ ಅನ್ನುವುದು ಆ ಕಾಲಂನಲ್ಲೇ ಕಾಣುತ್ತದೆ.

ಹಣ ಕೊಡುವವರ ಹತ್ತಿರವೂ ಇದೇ ಮಾತು ಆಡಬೇಕು. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ) ಪ್ರಸ್ತಾವನೆಯಲ್ಲಿ ತರಬೇತಿಗೆ, ಕಂಪ್ಯೂಟರಿಗೆ ದುಡ್ಡು ಸುಲಭವಾಗಿ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಹೋಗಿ ನೋಡಿಕೊಳ್ಳುವ ಜಾಬ್ ಕೋಚ್ ಸಂಬಳ ಕೇಳಿದರೆ ಮುಖ ಗಂಟಿಕ್ಕುತ್ತಾರೆ. "ಆಡಳಿತ ವೆಚ್ಚಕ್ಕೆ 5 ಶೇಕಡಾ ಮಿತಿ ಇದೆ" ಅನ್ನುವ ಉತ್ತರ ಬರುತ್ತದೆ. ಸಿಎಸ್‌ಆರ್ ನಿಯಮಗಳಲ್ಲಿ 5 ಶೇಕಡಾ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯ ಜಾರಿ ಮತ್ತು ಉಸ್ತುವಾರಿಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಜಾಬ್ ಕೋಚ್ ಈ ಯೋಜನೆಯ ಜೀವಾಳ, ಆಫೀಸ್ ಖರ್ಚಲ್ಲ. ಇದನ್ನು ಪ್ರಸ್ತಾವನೆಯಲ್ಲೇ ಬರೆಯಿರಿ. ತರಬೇತಿ ಪಡೆಯುವವರ ಸಂಖ್ಯೆ ಬೇಕಾದರೆ ಇಳಿಸಿ, ಜಾಬ್ ಕೋಚ್ ಸಾಲನ್ನು ಮಾತ್ರ ಕತ್ತರಿಸಲು ಬಿಡಬೇಡಿ.

ಊರಲ್ಲಿ ಯಾರು ಏನು ಮಾಡುತ್ತಿದ್ದಾರೆ ನೋಡಿ

ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ಬೇರಿದೆ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) 1959ರಿಂದ ಇದೆ. ವಿಕಲಚೇತನರಿಗೆ ತೋಟಗಾರಿಕೆ ತರಬೇತಿ ಕೊಡುವುದರಲ್ಲಿ ಅದರದ್ದು ದೊಡ್ಡ ಹೆಸರು. 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ ಉದ್ಯೋಗದ ಮೇಲೆಯೇ ಗಮನ ಇಟ್ಟುಕೊಂಡು ಬಂದಿದೆ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸಮರ್ಥನಂ ಇದೆ, ಮಿತ್ರಜ್ಯೋತಿ ಇದೆ; ಎರಡೂ ದೃಷ್ಟಿ ಇಲ್ಲದವರ ಜೊತೆ ಕೆಲಸ ಶುರುಮಾಡಿದವು. ಕೃತಕ ಕಾಲು, ಗಾಲಿಕುರ್ಚಿ ಬೇಕಾದರೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ.

ಹೊಸ ಯೋಜನೆ ಅಂದ ತಕ್ಷಣ ಎಲ್ಲವನ್ನೂ ನಾವೇ ಮಾಡಬೇಕು ಅನ್ನಿಸುತ್ತದೆ. ಬೇಡ. ಕಾನೂನು ಪಟ್ಟಿ ಮಾಡಿರುವ ಎಲ್ಲಾ 21 ಬಗೆಯ ಅಂಗವೈಕಲ್ಯಕ್ಕೂ ಒಂದೇ ಕಡೆ ಸರಿಯಾದ ಬೆಂಬಲ ಕೊಡುವ ಶಕ್ತಿ ಸಣ್ಣ ಸಂಸ್ಥೆಗೆ ಇರುವುದಿಲ್ಲ. ಎರಡೋ ಮೂರೋ ಗುಂಪು ಆರಿಸಿಕೊಳ್ಳಿ. ಉಳಿದವರು ಬಂದರೆ ಎಲ್ಲಿಗೆ ಕಳಿಸಬೇಕು, ಅಲ್ಲಿ ಯಾರನ್ನು ಕೇಳಬೇಕು ಅನ್ನುವ ಪಟ್ಟಿ ಗೋಡೆ ಮೇಲೆ ಇರಲಿ. ಕಳಿಸಿದ ಮೇಲೆ ಒಂದು ಫೋನ್ ಮಾಡಿ, ತಲುಪಿದರಾ ಎಂದು ಕೇಳಿ. ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಈ ಕ್ಷೇತ್ರದ ಹಳೆಯ ಚಾಳಿ.

ಕಾಗದ ಪತ್ರಕ್ಕೆ ಒಬ್ಬರನ್ನು ಇಡಿ

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿ. ಈ ನಾಲ್ಕರಲ್ಲೂ ಹೆಸರು ಒಂದೇ ಥರ ಇದೆಯಾ ಎಂದು ಮೊದಲ ದಿನವೇ ನೋಡಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಇದ್ದರೆ ಪಿಎಫ್ ಖಾತೆ ತೆರೆಯುವಾಗ ಸಿಕ್ಕಿಕೊಳ್ಳುತ್ತೀರಿ. ಯುಡಿಐಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಸ್ಪತ್ರೆಯಲ್ಲಿ ತಪಾಸಣೆ ಆಗಬೇಕು. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಬಸ್ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿಸಿ. ವಾರ್ಡ್ ಮಟ್ಟದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಹಳ್ಳಿ ಕಡೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಬಾಯಲ್ಲಿ ಯುಆರ್‌ಡಬ್ಲ್ಯೂ, ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಇವರಲ್ಲಿ ಹಲವರು ಸ್ವತಃ ವಿಕಲಚೇತನರು. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಇವರಿಗೆ ಗೊತ್ತಿರುವಷ್ಟು ಯಾವ ಸರ್ವೆಗೂ ಗೊತ್ತಿರುವುದಿಲ್ಲ. ಸ್ನೇಹ ಬೆಳೆಸಿಕೊಳ್ಳಿ.

ಕಾಗದದ ಮಾತು ಬಂದಾಗ ಮನೆಯವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಕೆಲಸಕ್ಕೆ ಸೇರಿದ್ರೆ ಮಾಸಾಶನ ನಿಂತು ಹೋಗುತ್ತಾ ಮೇಡಂ? ಆಮೇಲೆ ಕೆಲಸಾನೂ ಹೋದ್ರೆ?" ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಮಾಸಾಶನಕ್ಕೆ ಆದಾಯ ಮಿತಿ ಇದೆ, ಅವರ ಭಯ ನಿಜವಾದದ್ದು. ಕೂತು ಲೆಕ್ಕ ಹಾಕಿ ತೋರಿಸಿ. ಕೈಗೆ ಬರುವ ಸಂಬಳ ಎಷ್ಟು, ಓಡಾಟಕ್ಕೆ ಎಷ್ಟು ಹೋಗುತ್ತದೆ, ಮಾಸಾಶನ ಹೋದರೆ ಉಳಿಯುವುದೆಷ್ಟು, ಇಎಸ್‌ಐ (ನೌಕರರ ವಿಮೆ) ಸಿಕ್ಕರೆ ಆಸ್ಪತ್ರೆ ಖರ್ಚು ಎಷ್ಟು ತಪ್ಪುತ್ತದೆ. ಇಎಸ್‌ಐ ಸಂಬಳ ಮಿತಿ ಉಳಿದವರಿಗೆ ತಿಂಗಳಿಗೆ 21,000 ರೂಪಾಯಿ, ವಿಕಲಚೇತನರಿಗೆ 25,000. ಎಷ್ಟೋ ಎಚ್‌ಆರ್‌ಗಳಿಗೆ ಇದು ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಲೆಕ್ಕ ಹಾಕಿದ ಮೇಲೂ ಮನೆಯವರಿಗೆ ಬೇಡ ಅನ್ನಿಸಿದರೆ ಬೈಯಬೇಡಿ. ಆದರೆ ಕೆಲಸ ಬೇಕಾ ಬೇಡವಾ ಎಂದು ಆ ವ್ಯಕ್ತಿಯನ್ನೇ, ಮನೆಯವರು ಪಕ್ಕದಲ್ಲಿಲ್ಲದಾಗ, ಒಮ್ಮೆ ಕೇಳಿ.

ದಾರಿಯನ್ನು ನಡೆದು ನೋಡಿ

ಈ ಊರಿನಲ್ಲಿ ಕೆಲಸ ಕೈಬಿಟ್ಟು ಹೋಗುವುದು ಆಫೀಸಿನ ಒಳಗಿಗಿಂತ ದಾರಿಯಲ್ಲಿ ಜಾಸ್ತಿ. ಅದಕ್ಕೇ ಈ ಹೆಜ್ಜೆಯ ಮೇಲೆ ಸ್ವಲ್ಪ ನಿಲ್ಲುತ್ತೇನೆ.

ಹೆಸರಘಟ್ಟದಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಕೇಳಿದರೆ ಹುಡುಗ "ಹೋಗ್ತೀನಿ ಸರ್" ಅನ್ನುತ್ತಾನೆ, ಯಾಕೆಂದರೆ ಕೆಲಸ ಕೈತಪ್ಪಬಾರದು. ಎರಡು ಬಸ್ಸು, ಒಂದು ಮೆಟ್ರೊ, ಕೊನೆಗೆ ಫುಟ್‌ಪಾತ್ ಇಲ್ಲದ ಮುಕ್ಕಾಲು ಕಿಲೋಮೀಟರ್. ಊರುಗೋಲು ಹಿಡಿದು ಮಳೆಯಲ್ಲಿ ಆ ಮುಕ್ಕಾಲು ಕಿಲೋಮೀಟರ್ ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಿ.

ಮಾಡಬೇಕಾದದ್ದು ಇಷ್ಟು. ಆಫರ್‌ಗೆ ಹೂಂ ಅನ್ನುವ ಮೊದಲು ಜಾಬ್ ಕೋಚ್ ಆ ವ್ಯಕ್ತಿಯ ಜೊತೆ ಮನೆಯಿಂದ ಕೆಲಸದ ಗೇಟ್‌ವರೆಗೆ ಶಿಫ್ಟ್ ಸಮಯಕ್ಕೇ ಹೋಗಿ ಬರಬೇಕು. ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ಹತ್ತಲು ಆಗುತ್ತದೆಯಾ? ವಾಪಸ್ ಬರುವ ದಾರಿಯಲ್ಲಿ ಕತ್ತಲಾದ ಮೇಲೆ ಬೀದಿದೀಪ ಇದೆಯಾ? ಬಿಳಿ ಕೋಲು ಹಿಡಿದು ನಡೆಯುವವರಿಗೆ ರಸ್ತೆ ದಾಟಲು ಸಿಗ್ನಲ್ ಇದೆಯಾ? ಅಗೆದು ಬಿಟ್ಟ ಚರಂಡಿ ಎಲ್ಲಿ ಬರುತ್ತದೆ? ಕಂಪನಿ ಕ್ಯಾಬ್ ಇದ್ದರೆ ಹತ್ತಿಸಿಕೊಳ್ಳುವ ಜಾಗ ಮನೆ ಬಾಗಿಲೋ, ಮುಖ್ಯರಸ್ತೆಯೋ? ಇದನ್ನು ಆಫರ್ ಬಂದ ದಿನವೇ ಕೇಳಿದರೆ ಎಚ್‌ಆರ್ ಬಗ್ಗುತ್ತಾರೆ. ಸೇರಿದ ಮೇಲೆ ಕೇಳಿದರೆ "ಪಾಲಿಸಿ ಇಲ್ಲ" ಅನ್ನುತ್ತಾರೆ.

ಮೆಟ್ರೊ ಬಂದ ಮೇಲೆ ಒಂದಷ್ಟು ಸುಲಭವಾಗಿದೆ. ಲಿಫ್ಟ್ ಇದೆ, ನೆಲದಲ್ಲಿ ದೃಷ್ಟಿ ಇಲ್ಲದವರಿಗೆ ಉಬ್ಬು ಪಟ್ಟಿ ಇದೆ. ನೇರಳೆ ಮಾರ್ಗ 2023ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗಬಹುದು. ನಿಮ್ಮಲ್ಲಿ ನೋಂದಾಯಿಸಿದವರ ಮನೆಗಳನ್ನೂ ಕಂಪನಿಗಳನ್ನೂ ಒಂದು ಮ್ಯಾಪ್ ಮೇಲೆ ಗುರುತು ಮಾಡಿ. ಒಂದೇ ಮೆಟ್ರೊ ಮಾರ್ಗದಲ್ಲಿ ಮನೆ, ಕಂಪನಿ ಎರಡೂ ಬರುವಂತೆ ಜೋಡಿಸಿದರೆ ಅರ್ಧ ತಲೆನೋವು ಕಡಿಮೆ. ಸಂಬಳ ಎರಡು ಸಾವಿರ ಕಮ್ಮಿಯಾದರೂ ಮನೆ ಹತ್ತಿರದ ಕೆಲಸದಲ್ಲಿ ಜನ ಹೆಚ್ಚು ದಿನ ಉಳಿಯುತ್ತಾರೆ, ನನ್ನ ಅಭಿಪ್ರಾಯ ಇದು. ಆಯ್ಕೆ ಮಾತ್ರ ಅವರದ್ದೇ ಇರಲಿ.

ಕಂಪನಿ ಬಾಗಿಲಿಗೆ ಹೋಗುವಾಗ

ನವೆಂಬರ್ ಕೊನೆಯ ವಾರ ನಿಮ್ಮ ಫೋನಿಗೆ ಬಿಡುವು ಇರುವುದಿಲ್ಲ. ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. "ಹತ್ತು ಜನರನ್ನು ಕಳಿಸಿ, ಚಿಕ್ಕ ಕಾರ್ಯಕ್ರಮ ಇದೆ" ಎಂದು ಕರೆಗಳು ಬರುತ್ತವೆ. ಹೋಗಿ, ಕಾಫಿ ಕುಡಿದು ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ವೇದಿಕೆ ಇಳಿಯುವ ಮೊದಲು ಜನವರಿಯಲ್ಲಿ ಎಚ್‌ಆರ್ ಜೊತೆ ಒಂದು ಮೀಟಿಂಗ್ ದಿನಾಂಕ ಪಡೆದುಕೊಂಡೇ ಬನ್ನಿ.

ಆ ಮೀಟಿಂಗ್‌ನಲ್ಲಿ ಅನುಕಂಪದ ಮಾತು ಬೇಡ. ಕಾನೂನು ಏನು ಹೇಳುತ್ತದೆ ಅನ್ನುವುದು ನಿಮಗೆ ಸರಿಯಾಗಿ ಗೊತ್ತಿರಲಿ. ಖಾಸಗಿ ಕಂಪನಿಗೂ 4 ಶೇಕಡಾ ಮೀಸಲಾತಿ ಕಡ್ಡಾಯ ಎಂದು ಹೇಳಿಬಿಡುವವರಿದ್ದಾರೆ. ಅದು ಸರ್ಕಾರಿ ಹುದ್ದೆಗಳಿಗೆ ಮಾತ್ರ. ಖಾಸಗಿಯವರಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುವುದು ಬೇರೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅದರ ಪ್ರತಿಯನ್ನು ವಿಕಲಚೇತನರ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಆ ನೀತಿಯಲ್ಲಿ ಯಾವ ಹುದ್ದೆಗಳು ವಿಕಲಚೇತನರಿಗೆ ಹೊಂದುತ್ತವೆ, ಆಯ್ಕೆ ಹೇಗೆ, ಸಹಾಯಕ ಸಾಧನ ಏನು ಕೊಡುತ್ತಾರೆ ಎಂದೆಲ್ಲಾ ಇರಬೇಕು, ಒಬ್ಬ ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. "ನಿಮ್ಮ ನೀತಿಯ ಪ್ರತಿ ಕೊಡಿ, ಓದಿಕೊಳ್ಳುತ್ತೇವೆ" ಎಂದು ಸುಮ್ನೆ ಕೇಳಿ. ಇಲ್ಲದಿದ್ದರೆ ಬರೆಯಲು ನೆರವಾಗುತ್ತೇವೆ ಅನ್ನಿ. ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಒಳಗೆ ಹೋದ ಮೇಲೆ ಕೆಲಸದ ಜಾಗದಲ್ಲಿ ಒಂದು ಪೂರ್ತಿ ಶಿಫ್ಟ್ ನಿಂತು ನೋಡಿ. ಕೆಲಸದ ವಿವರಣೆಯ ಕಾಗದದಲ್ಲಿ ಬರೆದಿರುವುದೇ ಬೇರೆ, ಅಲ್ಲಿ ನಡೆಯುವುದೇ ಬೇರೆ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುವ ಕಿವುಡ ಹೆಣ್ಣುಮಗಳಿಗೆ ಹೊಲಿಗೆ ಕಷ್ಟವಲ್ಲ. ಮಧ್ಯಾಹ್ನ ಸ್ಟೈಲ್ ಬದಲಾದಾಗ ಸೂಪರ್‌ವೈಸರ್ ಲೈನಿನ ತುದಿಯಿಂದ ಕೂಗಿ ಹೇಳುವುದು ಕಷ್ಟ. ಅಲ್ಲಿ ಬೇಕಾದದ್ದು ಒಂದು ಬೋರ್ಡ್, ತೋರಿಸಲು ಒಂದು ಸ್ಯಾಂಪಲ್ ತುಂಡು, ಬೆಂಕಿ ಅಲಾರಂ ಜೊತೆ ಮಿನುಗುವ ದೀಪ. ಖರ್ಚು ದೊಡ್ಡದೇನಲ್ಲ. ಆದರೆ ನಿಂತು ನೋಡದೆ ಇದು ಹೊಳೆಯುವುದಿಲ್ಲ.

ಆಫೀಸ್ ಕೆಲಸವಾದರೆ ಕಂಪ್ಯೂಟರ್ ಪರೀಕ್ಷೆ ಮಾಡಿ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ (ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕಂಪನಿಯ ಸಾಫ್ಟ್‌ವೇರ್ ಅದರಲ್ಲಿ ಓದುತ್ತದೆಯಾ? ರಜೆ ಅರ್ಜಿ ಹಾಕುವ ಪೋರ್ಟಲ್ ಓದುತ್ತದೆಯಾ? ಲಾಗಿನ್ ಆಗುವಾಗ ಚಿತ್ರ ನೋಡಿ ಟೈಪ್ ಮಾಡುವ ಕ್ಯಾಪ್ಚಾ ಇದೆಯಾ? ಕೆಲಸ ಚೆನ್ನಾಗಿ ಮಾಡುವ ಹುಡುಗಿ ಹಾಜರಿ ಹಾಕಲು ಪಕ್ಕದವರನ್ನು ಪ್ರತಿದಿನ ಕರೆಯಬೇಕಾದರೆ ಮೂರು ತಿಂಗಳಲ್ಲಿ ಬೇಸತ್ತು ಹೋಗುತ್ತಾಳೆ. ಐಟಿ ವಿಭಾಗದವರನ್ನು ಆಫರ್‌ಗೆ ಮುಂಚೆಯೇ ಮಾತಾಡಿಸಿ.

ಸಂದರ್ಶನದ ಬಗ್ಗೆಯೂ ಒಂದು ಮಾತು. ಕಿವುಡ ಅಭ್ಯರ್ಥಿಗೆ ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಕರೆಸಿ. ಅಮ್ಮನನ್ನೋ ಅಕ್ಕನನ್ನೋ ಕೂರಿಸಬೇಡಿ, ಅವರು ಮಗನ ಉತ್ತರದ ಬದಲು ತಮ್ಮ ಉತ್ತರ ಹೇಳಿಬಿಡುತ್ತಾರೆ. ಆಟಿಸಂ ಇರುವವರಿಗೆ ಪ್ರಶ್ನೆಗಳನ್ನು ಮುಂಚೆಯೇ ಕಳಿಸಿ, ಆದರೆ ಇನ್ನೂ ಒಳ್ಳೆಯದು ಎರಡು ಮೂರು ದಿನ ಕೆಲಸವನ್ನೇ ಮಾಡಿಸಿ ನೋಡುವುದು. ಆ ದಿನಗಳಿಗೆ ಕಂಪನಿ ದುಡ್ಡು ಕೊಡಬೇಕು.

ಮೊದಲ ಆರು ತಿಂಗಳು

ಯೋಜನೆ ಗೆಲ್ಲುವುದೋ ಸೋಲುವುದೋ ಇಲ್ಲೇ. ಮೊದಲ ವಾರ ಜಾಬ್ ಕೋಚ್ ದಿನಾ ಹೋಗಲಿ. ಎರಡನೇ ವಾರದಿಂದ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಮೂರನೇ ತಿಂಗಳಿಂದ ಫೋನ್ ಮತ್ತು ಆಗೊಮ್ಮೆ ಈಗೊಮ್ಮೆ ಭೇಟಿ. ಬುದ್ಧಿಮಾಂದ್ಯತೆ ಇರುವವರಿಗೆ ಇದು ಇನ್ನೂ ನಿಧಾನ ಆಗಬೇಕು. ಕೋಚ್ ಹಿಂದೆ ಸರಿಯುತ್ತಾ ಬಂದ ಹಾಗೆ ಸಹೋದ್ಯೋಗಿಯೊಬ್ಬರು ಆ ಜಾಗಕ್ಕೆ ಬರಬೇಕು. ಎಚ್‌ಆರ್ ನೇಮಿಸಿದ ಜೊತೆಗಾರರಿಗಿಂತ ತಾನಾಗಿಯೇ ಪಕ್ಕ ಕೂತು ಊಟ ಮಾಡುವವರು ಹೆಚ್ಚು ನೆರವಾಗುತ್ತಾರೆ. ಅವರು ಯಾರು ಎಂದು ಗುರುತಿಸುವುದೇ ಕೋಚ್‌ನ ಜಾಣತನ.

ಮೂರು ದಿನ ತಪ್ಪದೆ ಫೋನ್ ಮಾಡಿಸಿ: ಮೊದಲ ಸಂಬಳದ ದಿನ, ಸೂಪರ್‌ವೈಸರ್ ಬದಲಾದ ದಿನ, ಶಿಫ್ಟ್ ಬದಲಾದ ದಿನ. ಒಳ್ಳೆಯ ಸೂಪರ್‌ವೈಸರ್ ವರ್ಗವಾಗಿ ಹೊಸಬರು ಬಂದಾಗ ಹಳೆಯ ಹೊಂದಾಣಿಕೆಗಳೆಲ್ಲ ಒಂದೇ ವಾರದಲ್ಲಿ ಮಾಯವಾಗುತ್ತವೆ. ಅದಕ್ಕೆ ಒಪ್ಪಿಕೊಂಡ ಅನುಕೂಲಗಳನ್ನು ಸೇರುವಾಗಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕಾಯ್ದೆಯ ಪ್ರಕಾರ ಸೂಕ್ತ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ.

ಇನ್ನೊಂದು ಸೂಕ್ಷ್ಮ ವಿಷಯ. ಯಾರ ಕಾಯಿಲೆಯನ್ನು ಯಾರಿಗೆ ಎಷ್ಟು ಹೇಳಬೇಕು ಅನ್ನುವುದು ಆ ವ್ಯಕ್ತಿಯ ತೀರ್ಮಾನ. ಸ್ಕಿಜೋಫ್ರೇನಿಯಾ ಇರುವವರ ಬಗ್ಗೆ ಸೂಪರ್‌ವೈಸರ್ ಕೇಳಿದರೂ ಔಷಧಿ, ಆಸ್ಪತ್ರೆ ವಿವರ ಹೇಳಬೇಡಿ. "ತಿಂಗಳಿಗೊಂದು ದಿನ ಆಸ್ಪತ್ರೆಗೆ ರಜೆ ಬೇಕು, ರಾತ್ರಿ ಶಿಫ್ಟ್ ಬೇಡ" ಅನ್ನುವಷ್ಟು ಸಾಕು, ಅಲ್ವಾ? ಅದಕ್ಕೂ ಅವರ ಒಪ್ಪಿಗೆ ಬೇಕು.

ಗಲಾಟೆ ಆದಾಗ ಮೊದಲು ಮಾತು, ಆಮೇಲೆ ಲಿಖಿತ ಪತ್ರ, ಆಮೇಲೆ ರಾಜ್ಯ ಆಯುಕ್ತರಿಗೆ ದೂರು. ವಿಚಾರಣೆಗೆ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ. ದೂರು ಕೊಡಬೇಕೋ ಬೇಡವೋ ಎಂದು ನಿರ್ಧರಿಸುವವರು ಕೆಲಸಗಾರರು. ಕಂಪನಿ ಜೊತೆ ನಿಮ್ಮ ಸಂಬಂಧ ಕೆಡುತ್ತದೆ ಎಂದು ಅವರ ಬಾಯಿ ಮುಚ್ಚಿಸಬೇಡಿ.

ನಿಮ್ಮ ಆಫೀಸ್ ಹೇಗಿದೆ?

ಕಂಪನಿಗಳಿಗೆ ಪಾಠ ಹೇಳುವ ಮೊದಲು ಇದನ್ನು ನೋಡಿ. ನಿಮ್ಮ ತಂಡದಲ್ಲಿ ವಿಕಲಚೇತನರು ಎಷ್ಟು ಜನ, ಮತ್ತು ಅವರು ಬಜೆಟ್ ಮೀಟಿಂಗ್‌ನಲ್ಲಿ ಕೂರುತ್ತಾರಾ? ಸ್ವಾಗತ ಕೌಂಟರ್‌ನಲ್ಲಿ ಒಬ್ಬರು, ಫೀಲ್ಡ್‌ನಲ್ಲಿ ಇಬ್ಬರು ಇದ್ದು, ತೀರ್ಮಾನ ಮಾಡುವ ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ಹೊರಗಿನವರಿಗೆ ನೀವು ಹೇಳುವ ಮಾತಿಗೆ ತೂಕ ಇರುವುದಿಲ್ಲ. ಎರಡನೇ ಮಹಡಿಯಲ್ಲಿ ಆಫೀಸ್, ಲಿಫ್ಟ್ ಇಲ್ಲ ಅನ್ನುವ ಸಂಸ್ಥೆಗಳು ಈಗಲೂ ಇವೆ, ನಂಬಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ವಿಶೇಷ ಸೂಚನೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ಫೈಲನ್ನು ಸ್ಕ್ರೀನ್ ರೀಡರ್ ಕನ್ನಡವೆಂದು ಓದುವುದಿಲ್ಲ, ಅರ್ಥವಿಲ್ಲದ ಅಕ್ಷರಗಳ ಸಾಲು ಕೇಳಿಸುತ್ತದೆ. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದರೂ ಇದೇ ಕಥೆ. ಎಲ್ಲವೂ ಯೂನಿಕೋಡ್‌ನಲ್ಲಿರಲಿ, ಫೋಟೊ ಕಳಿಸಿದರೆ ಕೆಳಗೆ ನಾಲ್ಕು ಸಾಲು ಬರೆದು ಕಳಿಸಿ.

ಸಂಸ್ಥೆಗೆ ಕಾಯ್ದೆಯ ಪ್ರಕಾರ ನೋಂದಣಿ ಆಗಿದೆಯಾ, ವಿಶೇಷ ಶಿಕ್ಷಕರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ, ಲೈಂಗಿಕ ಕಿರುಕುಳ ದೂರು ಸಮಿತಿ ಇದೆಯಾ ಎಂದೂ ನೋಡಿ. ಜಾಬ್ ಕೋಚ್‌ಗಳ ಸಂಬಳ ನೋಡಿ. ಒಬ್ಬ ಕೋಚ್ ಹೆಗಲಿಗೆ ಐವತ್ತು ಜನರನ್ನು ಹೊರಿಸಿದರೆ ಭೇಟಿಗಳು ಹಾಳೆ ಮೇಲಷ್ಟೇ ನಡೆಯುತ್ತವೆ. ಕೋಚ್ ಬಿಟ್ಟು ಹೋದರೆ ಅವರು ನೋಡಿಕೊಳ್ಳುತ್ತಿದ್ದವರ ನಂಬಿಕೆಯೂ ಅವರ ಜೊತೆಗೇ ಹೋಗುತ್ತದೆ.

ಒಬ್ಬರು ಕೆಲಸ ಬಿಡುತ್ತೇನೆ ಎಂದಾಗ

ನಿಮ್ಮ ಟಾರ್ಗೆಟ್ ನೆನಪಾಗಿ "ಇನ್ನೆರಡು ತಿಂಗಳು ತಡೆದುಕೋ" ಎಂದು ಬಾಯಿಗೆ ಬರುತ್ತದೆ. ತಡೆಯಿರಿ. ಮೊದಲು ಕಾರಣ ಕೇಳಿ, ಸರಿಮಾಡಬಹುದಾದದ್ದಾದರೆ ಒಂದು ವಾರದ ಗಡುವು ಇಟ್ಟು ಕಂಪನಿಯ ಜೊತೆ ಮಾತಾಡಿ. ಹೆಚ್ಚು ಸಂಬಳದ ಕೆಲಸ ಸಿಕ್ಕಿ ಬಿಡುತ್ತಿದ್ದರೆ ಅದನ್ನು ಹಾಳೆಯ ಬೇರೆ ಕಾಲಂನಲ್ಲಿ ಬರೆಯಿರಿ, ಸೋಲು ಎಂದು ಬರೆಯಬೇಡಿ. ನೋಟಿಸ್ ಅವಧಿ ಎಷ್ಟು ಎಂದು ಆಫರ್ ಲೆಟರ್ ತೆಗೆದು ನೋಡಿ. ರಾಜೀನಾಮೆ ಪತ್ರ ಅವರೇ ಬರೆಯಲಿ, ನೀವು ಓದಿ ಕೊಡಿ. ರಿಲೀವಿಂಗ್ ಲೆಟರ್, ಕೊನೆಯ ತಿಂಗಳ ಸಂಬಳ, ಪಿಎಫ್‌ನ ಯುಎಎನ್ ಸಂಖ್ಯೆ ಕೈಗೆ ಬರುವವರೆಗೆ ಅವರ ಫೈಲ್ ಮುಚ್ಚಬೇಡಿ. ಹೊಸ ಕಡೆ ಸೇರಿದ ಮೇಲೆ ಮತ್ತೆ ಒಂದನೇ ತಿಂಗಳಿನಿಂದ ಎಣಿಕೆ.